ರ‍್ಯಾಲಿ ದಿನ ಕಂಟ್ರೋಲಿನಲ್ಲಿ ನಾನಿದ್ದೆ

ನನಗೆ ಮಾತು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ನಮ್ಮ ಮನೆಯವರನ್ನು ಕೇಳಿದರೆ ಇನ್ನೂ ಹತ್ತು ಸೇರಿಸಿ ಹೇಳುತ್ತಾರೆ. ಸಿಟ್ಟೂ ಅಷ್ಟೇ, ಮೂಗಿನ ತುದಿಯಲ್ಲೇ ಇರುತ್ತದೆ. ಇಂಥವಳನ್ನು ಶಿರಸಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಬೋರ್ಡಿನ ಮುಂದೆ ಕೂರಿಸಿದ್ದರು. ಕಿವಿಗೆ ಹೆಡ್‌ಫೋನು, ಕೈಯಲ್ಲಿ ವೈರು. ಹಲೋ ಹುಬ್ಬಳ್ಳಿ, ಹಲೋ ಕಾರವಾರ, ಹಲೋ ಬೊಂಬಾಯಿ ಎಂದು ಇಡೀ ದಿನ ಊರಿನವರ ಮಾತನ್ನು ಹೊರಗಿನವರ ಕಿವಿಗೆ ಸೇರಿಸುವುದೇ ನನ್ನ ಕೆಲಸ.

ಆ ಬೋರ್ಡಿನ ಮುಂದೆ ಕೂತು ನಾನು ನಮ್ಮ ಕಡೆಯವರ ಒಂದು ಸ್ವಭಾವವನ್ನು ಚೆನ್ನಾಗಿ ಕಲಿತೆ. ನಮ್ಮವರು ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳುವುದೇ ಇಲ್ಲ. "ಅಪ್ಪಯ್ಯಂಗೆ ಸ್ವಲ್ಪ ಆರಾಮಿಲ್ಲೆ, ಗಡಿಬಿಡಿ ಎಂತ ಇಲ್ಲೆ, ಆದ್ರೆ ಒಂದ್ಸಲ ಬಂದು ಹೋಗು" ಎಂದು ಫೋನಿನಲ್ಲಿ ಹೇಳುತ್ತಾರೆ. ಅಷ್ಟು ಹೊತ್ತಿಗೆ ಅಪ್ಪಯ್ಯನನ್ನು ಚಾಪೆಯ ಮೇಲೆ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿ ಆಗಿರುತ್ತದೆ. ಕೇಳಿದವನ ಎದೆ ಒಡೆಯಬಾರದಲ್ಲ, ಅದಕ್ಕೆ. ವರ್ಷಗಟ್ಟಲೆ ಇಂಥ ಕರೆಗಳನ್ನು ಜೋಡಿಸಿ ಜೋಡಿಸಿ, "ಎಂತ ಇಲ್ಲೆ", ಅಂದರೆ ಏನೂ ಇಲ್ಲ, ಎನ್ನುವ ಶಬ್ದ ಕೇಳಿದರೇ ನನ್ನ ಕಿವಿ ನೆಟ್ಟಗಾಗುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಒಮ್ಮೆ ಮಳೆಗಾಲಕ್ಕೆ ಮೊದಲೇ ಭಾರೀ ಗಾಳಿ ಎದ್ದು ರಸ್ತೆಯುದ್ದಕ್ಕೂ ಮರಗಳು ಲೈನಿನ ಮೇಲೆ ಬಿದ್ದವು. ನನ್ನ ಬೋರ್ಡು ತಣ್ಣಗಾಯಿತು. ಆಗ ಹುಲಗೋಳದ ಕಡೆಯಿಂದ ಒಬ್ಬರು ಸೈಕಲ್ ತುಳಿದು ಬಂದರು. ಮಗಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯಬೇಕು, ಮೊದಲು ಅಲ್ಲಿನ ಡಾಕ್ಟರ ಹತ್ತಿರ ಮಾತಾಡಬೇಕು. ಲೈನಿಲ್ಲ ಎಂದೆ. "ಅಡ್ಡಿಲ್ಲೆ ತಂಗಿ, ಗಡಿಬಿಡಿ ಎಂತ ಇಲ್ಲೆ, ಸಿಕ್ಕಿದಾಗ ಹಚ್ಚಿಕೊಡು" ಎಂದು ಬೆಂಚಿನ ಮೇಲೆ ಕೂತರು. ಕೂತವರು ಮತ್ತೆ ಮತ್ತೆ ಎದ್ದು ಬಂದು ನನ್ನ ಬೋರ್ಡನ್ನು ಇಣುಕಿ ನೋಡುತ್ತಿದ್ದರು. ಹುಬ್ಬಳ್ಳಿ, ಹುಬ್ಬಳ್ಳಿ ಎಂದು ಸತ್ತ ವೈರಿಗೆ ಹುಚ್ಚಿಯ ಹಾಗೆ ಕೂಗಿದೆ. ಕೊನೆಗೆ ಅವರು ಯಾರದೋ ಜೀಪು ಹಿಡಿದು ಹೋದರು. ಆ ಮಗು ಉಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ದಿನ ಮನೆಗೆ ಬಂದು ಪಾತ್ರೆಗಳನ್ನೆಲ್ಲ ದಡಬಡ ಎತ್ತಿ ಹಾಕಿದೆ. ಒಂದು ವೈರು ಹರಿದರೆ ಮೂರು ತಾಲೂಕು ಮೂಕವಾಗಬೇಕೇ? ಇದೆಂಥ ದರಿದ್ರ!

ನನ್ನ ಈ ಗೊಣಗಾಟ ತಂತಿ ಮಾಸ್ತರ ಕಿವಿಗೂ ಬಿತ್ತು. ಅವರು ತಾರು ಆಫೀಸಿನಲ್ಲಿ ಕಟ್ಟ ಕಡ ಕಟ್ಟ ಎಂದು ತಂತಿ ಬಡಿದು ನಿವೃತ್ತರಾದವರು. "ವೈರೇ ಇಲ್ಲದೆ ಮಾತಾಡೋದು ಕಲೀತೀಯಾ?" ಎಂದು ಕೇಳಿದರು. ಅವರ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ದೊಡ್ಡ ಗುಂಡಿ. ಅಂಗಳದ ಹಲಸಿನ ಮರದಿಂದ ಮಾಳಿಗೆಯವರೆಗೆ ಒಂದು ತಾಮ್ರದ ತಂತಿ. ಮಾಸ್ತರು ಗುಂಡಿ ತಿರುಗಿಸಿದರು. ಗೊರಗೊರ ಶಬ್ದದ ಒಳಗಿನಿಂದ ಯಾರೋ ಒಬ್ಬ ಮಲಯಾಳಿ ನಕ್ಕ. ಅವನು ಕೊಚ್ಚಿಯಲ್ಲಿದ್ದಾನಂತೆ, ಅವನ ಜೊತೆ ಹರಟೆ ಹೊಡೆಯುತ್ತಿದ್ದವನು ಲಂಕೆಯಲ್ಲಂತೆ! ನಡುವೆ ಕಂಬವಿಲ್ಲ, ಎಕ್ಸ್‌ಚೇಂಜಿಲ್ಲ, ನನ್ನಂಥ ಆಪರೇಟರೂ ಇಲ್ಲ. ನನಗೆ ಮೈಯೆಲ್ಲ ಜುಮ್ಮೆಂದಿತು. ಇದನ್ನು ಕಲಿಯದೆ ಸತ್ತರೆ ನಾನು ದೆವ್ವವಾಗುವುದು ಖಂಡಿತ ಎಂದುಕೊಂಡೆ.

ಹವ್ಯಾಸಿ ರೇಡಿಯೋ ಎಂದು ಅದರ ಹೆಸರು, ಅದನ್ನು ಮಾಡುವವರಿಗೆ ಹ್ಯಾಮ್ ಎನ್ನುತ್ತಾರೆ. ಮಾಸ್ತರು ಅದರ ಹುಟ್ಟಿನ ಕಥೆಯನ್ನು ಪುರಾಣದ ಹಾಗೆ ಹೇಳುತ್ತಿದ್ದರು. ಬಹಳ ಹಿಂದೆ ಕೆಲವು ಹುಚ್ಚರು ಮನೆಯಲ್ಲೇ ಸೆಟ್ಟು ಕಟ್ಟಿಕೊಂಡು, ಕೇಳುತ್ತದಾ, ಕೇಳುತ್ತದಾ ಎಂದು ಒಬ್ಬರನ್ನೊಬ್ಬರು ಕೇಳುತ್ತಾ ಕೂತಿದ್ದರಂತೆ. ಸರಕಾರಗಳಿಗೆ ಅದು ಮಕ್ಕಳಾಟ. ಆದರೆ ನೆರೆ ಬಂದಾಗ, ಚಂಡಮಾರುತ ಎದ್ದಾಗ, ಮೊದಲು ಹರಿಯುವುದು ವೈರು. ಆಗ ಮಾತಾಡಲು ಉಳಿಯುತ್ತಿದ್ದವರು ಈ ಹುಚ್ಚರು ಮಾತ್ರ. ಯಾವ ಊರಿನಲ್ಲಿ ಯಾರ ಸೆಟ್ಟಿದೆ, ಎಷ್ಟು ದೂರ ಕೇಳುತ್ತದೆ ಎನ್ನುವುದೆಲ್ಲ ದಿನಾ ಹರಟಿ ಹರಟಿ ಅವರಿಗೆ ಬಾಯಿಪಾಠ. "ಹರಟೆಯೇ ಅಭ್ಯಾಸ," ಎನ್ನುತ್ತಿದ್ದರು ಮಾಸ್ತರು. "ಆದರೆ ಒಬ್ಬ ಎಮರ್ಜೆನ್ಸಿ ಅಂದ ಕೂಡಲೇ ಉಳಿದವರ ಬಾಯಿ ಬಂದ್. ಒಬ್ಬ ಕಂಟ್ರೋಲ್ ಆಗ್ತಾನೆ. ಅವನು ಕರೆದವರು ಮಾತ್ರ ಮಾತಾಡಬೇಕು."

ಮಾತಾಡುವುದು ನನಗೆ ಬರುತ್ತಿತ್ತು, ಕೇಳುವುದೂ ಬರುತ್ತಿತ್ತು. ಮೋರ್ಸ್ ಸಂಕೇತ ಮಾತ್ರ ಜೀವ ತಿಂದಿತು. ಸಟ್ಟುಗದಿಂದ ಬಾಣಲೆಗೆ ಬಡಿದೆ, ಲಟ್ಟಣಿಗೆಯಿಂದ ಮಣೆಗೆ ಬಡಿದೆ, ಬಸ್ಸಿನಲ್ಲಿ ಕೂತು ಮುಂದಿನ ಸೀಟಿನ ಕಂಬಿಗೆ ಬಡಿದು ಒಬ್ಬರ ಹತ್ತಿರ ಬೈಸಿಕೊಂಡೆ. ಪರೀಕ್ಷೆ ಬರೆದು ಬಂದ ಮೇಲೆ ಲೈಸೆನ್ಸಿಗೆ ಮುಂಚೆ ಪೊಲೀಸರ ವಿಚಾರಣೆ. ಕಾನ್‌ಸ್ಟೇಬಲ್ ಮನೆಗೇ ಬಂದರು.

"ಮೇಡಮ್, ಈ ವೈರ್‌ಲೆಸ್‌ನಲ್ಲಿ ಯಾರ ಹತ್ರ ಮಾತಾಡ್ತೀರಿ?"

"ಯಾರು ಸಿಕ್ತಾರೋ ಅವರ ಹತ್ರ."

"ಏನು ಮಾತಾಡ್ತೀರಿ?"

"ಕೇಳ್ತದಾ ಅಂತ ಕೇಳೋದು."

"ಕೇಳ್ತದೆ ಅಂದ್ರೆ?"

"ಖುಷಿ ಪಡೋದು."

ಅವರು ನನ್ನ ಮುಖ ನೋಡಿ, ಚಾ ಕುಡಿದು ಹೋದರು. ಲೈಸೆನ್ಸೂ ಬಂತು. ನಮ್ಮ ಅತ್ತೆಗೆ ತಡೆಯಲಿಲ್ಲ. "ಇಡೀ ದಿನ ಆಫೀಸಲ್ಲಿ ಮಾತಾಡ್ತೆ, ಮನೆಗೆ ಬಂದು ಮಾತಾಡ್ತೆ, ಇನ್ನು ಈ ಪೆಟ್ಟಿಗೆ ಹತ್ರನೂ ಮಾತಾಡವಾ?" ಎಂದರು. ನನ್ನ ಗಂಡ ಪಂಪ್‌ಸೆಟ್ ರಿಪೇರಿ ಮಾಡುವವನು. ಮೋಟಾರು ಬಿಚ್ಚುತ್ತಾ ಕೂತಿದ್ದವನು ತಲೆ ಎತ್ತಲಿಲ್ಲ. "ಆ ಕಡೆ ಕೇಳವ್ರ ಕಿವಿ ಗತಿ ಎಂತ ಮಾರಾಯ್ತಿ?" ಎಂದ. ಹಾಗೆಂದವನೇ ಮಾರನೇ ದಿನ ಏಣಿ ಹತ್ತಿ ನನ್ನ ಆಂಟೆನಾ ಕಟ್ಟಿಕೊಟ್ಟ. ನಮ್ಮ ಸಂಸಾರ ನಡೆದದ್ದೇ ಹೀಗೆ. ನಾನು ಕೂಗುವುದು, ಅವನು ಚುಚ್ಚುವುದು, ಕೊನೆಗೆ ಕೆಲಸ ಮಾಡಿಕೊಡುವುದು. ಒಂದು ಒಳ್ಳೆಯ ಮಾತನ್ನು ಬಾಯಿಬಿಟ್ಟು ಆಡಿದವನಲ್ಲ.

ಮೂರು ತಾಲೂಕು ಸೇರಿದರೆ ನಾವು ಒಂದು ಜೀಪಿನಲ್ಲಿ ಹಿಡಿಸುವಷ್ಟು ಹ್ಯಾಮ್‌ಗಳು. ದಿನಾ ಬೆಳಿಗ್ಗೆ ಎಲ್ಲರೂ ಸೆಟ್ಟಿಗೆ ಬಂದು ಹಾಜರಿ ಹೇಳಬೇಕು, ಅದಕ್ಕೆ ನೆಟ್ ಎಂದು ಹೆಸರು. ಚುಟುಕಾಗಿ ಹಾಜರಿ ಹೇಳಿ ಬಿಡಬೇಕೆಂದು ನಿಯಮ. ನಮ್ಮವರದು ಚಾ ಆಸ್ರಿಗೆ ಆತಾ, ನೆಂಟರು ಹೋದ್ವಾ, ದೋಸೆಗೆ ಎಂತ ಮಾಡಿದ್ರಿ ಎನ್ನುವಲ್ಲಿಗೆ ಮುಟ್ಟುತ್ತಿತ್ತು. ವ್ಯಾಪಾರದ ಮಾತು ಈ ರೇಡಿಯೋದಲ್ಲಿ ನಿಷಿದ್ಧ. ಶಿರಸಿಯವರಿಗೆ ಅಡಿಕೆ ರೇಟು ಮಾತಾಡಬೇಡಿ ಎಂದರೆ ಹೇಗೆ ಹೇಳಿ! ಒಬ್ಬೊಬ್ಬರೂ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳುವುದು ಸೆಟ್ಟಿನಲ್ಲೇ ಗೊತ್ತಾಗುತ್ತಿತ್ತು.

ನಮ್ಮಲ್ಲೆಲ್ಲ ಮೃದು ಮನುಷ್ಯ ಸಿದ್ದಾಪುರದ ಭಾವ. ದೂರದ ಸಂಬಂಧದಲ್ಲಿ ನನ್ನ ಗಂಡನಿಗೆ ಅಣ್ಣನಾಗಬೇಕು, ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದವರು. ಇರುವೆಗೂ ದಾರಿ ಬಿಟ್ಟು ನಡೆಯುವ ಜಾತಿ. ಎಮರ್ಜೆನ್ಸಿಯ ಅಭ್ಯಾಸದಲ್ಲಿ ಮಾಸ್ತರು ಒಂದು ಸುಳ್ಳು ಸಂದೇಶ ಕೊಡುತ್ತಿದ್ದರು, ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬೇಕು. ಕೇಳಿದ ಶಬ್ದಗಳನ್ನೇ ಹೇಳಬೇಕು, ಕೂಡಿಸಬಾರದು, ಕಳೆಯಬಾರದು. ಒಮ್ಮೆ ಮಾಸ್ತರು ಕೊಟ್ಟದ್ದು: ಸೇತುವೆ ಕುಸಿದಿದೆ, ಮೂವರಿಗೆ ತೀವ್ರ ಗಾಯ, ಕೂಡಲೇ ಡಾಕ್ಟರ್ ಬೇಕು. ಭಾವನ ಬಾಯಿಂದ ಅದು ನನಗೆ ಬಂದದ್ದು ಹೀಗೆ: "ಸೇತುವೆಗೆ ಸ್ವಲ್ಪ ಪೆಟ್ಟಾಯ್ದು. ಮೂರು ಜನಕ್ಕೆ ತರಚಿದ್ದು. ಡಾಕ್ಟ್ರು ಬಿಡುವಾದಾಗ ಬಂದ್ರೆ ಅಡ್ಡಿಲ್ಲೆ."

ಮಾಸ್ತರು ತಲೆ ಚಚ್ಚಿಕೊಂಡರು. "ನಿನ್ನನ್ನ ತಾರು ಆಫೀಸಲ್ಲಿ ಇಟ್ಕೊಂಡಿದ್ರೆ ಈ ಜಿಲ್ಲೆಲಿ ಯಾರೂ ಸಾಯ್ತಿರಲಿಲ್ಲ ಮಾರಾಯ!"

"ಮುಖಕ್ಕೆ ಹೊಡೆದಾಂಗೆ ಹೇಳದು ಹೆಂಗೆ ಮಾಸ್ತರೆ? ಕೇಳವಂಗೆ ಎಂತ ಆಗ್ತು?" ಎಂದರು ಭಾವ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಆ ಕಾರ್ ರ‍್ಯಾಲಿ ಬಂತು. ದೊಡ್ಡ ಊರಿನವರು ನಡೆಸುವ ರೇಸು, ಯಲ್ಲಾಪುರ ತಾಲೂಕಿನ ಕಾಡು ರಸ್ತೆಯಲ್ಲಿ ಕಾರುಗಳು ಒಂದರ ಹಿಂದೆ ಒಂದು ಧೂಳೆಬ್ಬಿಸಿ ಓಡುತ್ತವೆ. ಓಟ ಮುಗಿಯುವವರೆಗೆ ಆ ರಸ್ತೆಗೆ ಬೇರೆ ಗಾಡಿ ಬಿಡುವಂತಿಲ್ಲ. ಅಲ್ಲಿ ಫೋನಿಲ್ಲ, ಮೊಬೈಲ್ ಎನ್ನುವುದನ್ನು ಇನ್ನೂ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಎಲ್ಲ ಕಡೆ ಇಂಥ ರ‍್ಯಾಲಿಗಳಿಗೆ ಹ್ಯಾಮ್‌ಗಳೇ ದಿಕ್ಕು. ನಮಗೂ ಅದು ಪುಕ್ಕಟೆ ಅಭ್ಯಾಸ, ಯಾರೂ ಸಾಯದೆ ಎಮರ್ಜೆನ್ಸಿ ಕಲಿಯಬಹುದು ಎಂದು ಮಾಸ್ತರು ಹೇಳಿದರು. ಹೇಳಿ, ಎಲ್ಲರ ಮುಂದೆ ನನ್ನ ಕಡೆ ಬೆರಳು ತೋರಿಸಿದರು. "ಕಂಟ್ರೋಲ್ ಇವಳು."

ನಾನು! ಖುಷಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಳ್ಳೆಯ ಸೀರೆ ಉಟ್ಟುಕೊಂಡು ಹೊರಟಾಗ ಗಂಡ, "ರೇಡಿಯೋದಲ್ಲಿ ಸೀರೆ ಕಾಣ್ತನೇ?" ಎಂದ. ಅವನಿಗೂ ಆ ದಿನ ಕೆಲಸ ಹಚ್ಚಿದ್ದೆ. ಓಟದ ದಾರಿಯ ನಡುವೆ ವಜ್ರಳ್ಳಿಯ ಆಚೆ ಒಂದು ಪೋಸ್ಟು, ಅಂದರೆ ಕಾರು ದಾಟಿದ್ದನ್ನು ನೋಡಿ ತಿಳಿಸುವ ಜಾಗ. ಅಲ್ಲಿ ಬನವಾಸಿ ಕಡೆಯ ಬಟ್ಟೆ ಅಂಗಡಿಯ ಯಜಮಾನರು ಹ್ಯಾಮ್ ಆಗಿ ಕೂರುವವರು, ಅವರ ಸೆಟ್ಟಿಗೆ ಕಾರಿನ ಬ್ಯಾಟರಿ ಹೊತ್ತು ಹೋಗುವವನು ನನ್ನ ಗಂಡ. "ನಿನ್ನ ಪಟ್ಟಾಂಗಕ್ಕೆ ಬ್ಯಾಟರಿ ಬೇರೆ ಆನೇ ಹೊರವಾ?" ಎಂದು, ತಾನೇ ಹೊರಬೇಕಾದ್ದಕ್ಕೆ ಗೊಣಗುತ್ತಾ ಬೆಳಕು ಹರಿಯುವ ಮೊದಲೇ ಜೀಪು ಹತ್ತಿದ.

ಶಿರಸಿಯ ಅಂಚಿನಲ್ಲಿ ಒಂದು ಶಾಲೆಯ ಜಗಲಿಯಲ್ಲಿ ನನ್ನ ಕಂಟ್ರೋಲು. ದೊಡ್ಡ ಸೆಟ್ಟು, ಎತ್ತರದ ಆಂಟೆನಾ. ನನ್ನ ದನಿ ಕಾಡಿನ ಪೋಸ್ಟುಗಳಿಗೆಲ್ಲ ನೇರ ಕೇಳುತ್ತದೆ. ಅವರ ಸಣ್ಣ ಸೆಟ್ಟುಗಳ ದನಿಗೆ ಗುಡ್ಡ ದಾಟುವ ತ್ರಾಣವಿಲ್ಲ. ಅದಕ್ಕೆ ನಡುವಿನ ಎತ್ತರದ ಗುಡ್ಡದ ಮೇಲೆ ಸಿದ್ದಾಪುರದ ಭಾವ ಕೂತಿದ್ದರು. ಪೋಸ್ಟಿನವರು ಹೇಳಿದ್ದನ್ನು ಕೇಳಿ ನನಗೆ ದಾಟಿಸುವುದು ಅವರ ಕೆಲಸ. ಗುಡ್ಡಕ್ಕೆ ಹೊರಬಹುದಾದ ಸೆಟ್ಟುಗಳಲ್ಲಿ ಭಾವನದೇ ದೂರ ಮುಟ್ಟುತ್ತಿತ್ತು, ಹಾಗಾಗಿ ಬೇರೆ ದಾರಿ ಇರಲಿಲ್ಲ.

ಅಬ್ಬಾ, ಆ ಬೆಳಗಿನ ಸಂಭ್ರಮ! ಕಾರು ಬಿಟ್ಟಿತು, ಕಾರು ದಾಟಿತು, ಕಾರು ಮುಟ್ಟಿತು. ನಾನು ಕರೆಯುವುದು, ಅವರು ಉತ್ತರಿಸುವುದು. ಪಕ್ಕದಲ್ಲಿ ಮಾಸ್ತರು ಕಣ್ಣು ಮುಚ್ಚಿ ತಲೆದೂಗುತ್ತಾ ಕೂತಿದ್ದರು, ಸಂಗೀತ ಕೇಳುವವರ ಹಾಗೆ. ರ‍್ಯಾಲಿಯ ಮುಖ್ಯಸ್ಥರು, ತಲೆಗೆ ಟೊಪ್ಪಿ ಹಾಕಿದ ದೊಡ್ಡ ಊರಿನ ಮನುಷ್ಯ, "ವಂಡರ್‌ಫುಲ್ ಮೇಡಮ್" ಎಂದು ಎರಡು ಸಲ ಹೇಳಿಹೋದರು. ನನಗೆ ಕೋಡು ಮೂಡುವುದೊಂದು ಬಾಕಿ.

ಆಗ ಭಾವನ ದನಿ ಬಂತು.

"ಕಂಟ್ರೋಲ್, ಇಲ್ಲಿ ಗುಡ್ಡ. ತಂಗಿ, ಎಂತ ಇಲ್ಲೆ. ನಡುವಿನ ಪೋಸ್ಟಲ್ಲಿ ಹೆಜ್ಜೇನು ಎದ್ದಿದ್ದಡ. ಒಬ್ಬಂಗೆ ನಾಲ್ಕು ಕಚ್ಚಿದ್ದಡ. ಸ್ವಲ್ಪ ಸುಸ್ತು. ಗಡಿಬಿಡಿ ಎಂತ ಇಲ್ಲೆ. ಕಾರೆಲ್ಲ ಹೋದ್ಮೇಲೆ ಡಾಕ್ಟ್ರ ಗಾಡಿ ಒಂದ್ಸಲ ಬಂದು ಹೋದ್ರೆ ಅಡ್ಡಿಲ್ಲೆ. ಓವರ್."

ಟೊಪ್ಪಿಯವರೂ ಕೇಳಿಸಿಕೊಂಡರು. "ಓಕೆ ಮೇಡಮ್, ಸಣ್ಣ ವಿಷಯ. ಈ ಸ್ಟೇಜಿನ ಓಟ ಮುಗೀಲಿ, ಆಮೇಲೆ ಡಾಕ್ಟರನ್ನ ಕಳಿಸೋಣ" ಎಂದರು. ಡಾಕ್ಟರ ಗಾಡಿ ನಿಂತಿದ್ದದ್ದು ಓಟ ಶುರುವಾಗುವ ಜಾಗದಲ್ಲಿ. ಅದು ಒಳಗೆ ಹೋಗಬೇಕೆಂದರೆ ಇಡೀ ರೇಸು ನಿಲ್ಲಬೇಕು.

ನನ್ನ ಕಿವಿ ನೆಟ್ಟಗಾಯಿತು. ಎಂತ ಇಲ್ಲೆ. ಗಡಿಬಿಡಿ ಇಲ್ಲೆ. ಒಂದ್ಸಲ ಬಂದು ಹೋದ್ರೆ ಅಡ್ಡಿಲ್ಲೆ. ಈ ಮಾತುಗಳನ್ನು ನಾನು ಎಷ್ಟು ವರ್ಷ, ಎಷ್ಟು ಮನೆಗಳಿಗೆ ಜೋಡಿಸಿಕೊಟ್ಟಿಲ್ಲ!

"ಸರ್, ಈಗಲೇ ನಿಲ್ಲಿಸಿ," ಎಂದೆ.

"ಮೇಡಮ್, ನಿಮ್ಮವರೇ ಗಡಿಬಿಡಿ ಇಲ್ಲ ಅಂತಿದಾರೆ. ಸ್ಟೇಜ್ ನಿಲ್ಲಿಸಿದ್ರೆ ಇಡೀ ರಿಸಲ್ಟ್ ಹಾಳು. ಜೇನು ಕಚ್ಚಿದ್ದಕ್ಕೆಲ್ಲ..."

"ಅವರು ಗಡಿಬಿಡಿ ಇಲ್ಲ ಅಂದಿದ್ದಕ್ಕೇ ನನಗೆ ಭಯ ಆಗ್ತಿರೋದು!"

ಅವರಿಗೆ ನಾನು ಹುಚ್ಚಿಯ ಹಾಗೆ ಕಂಡಿರಬೇಕು. ವಾದ ಮಾಡಲು ಹೊತ್ತಿರಲಿಲ್ಲ. ಬಟನ್ ಒತ್ತಿದೆ. ಆ ದನಿ ನನ್ನೊಳಗೆ ಎಲ್ಲಿಂದ ಬಂತೋ, ಶಾಲೆಯ ಹೆಂಚಿನ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು.

"ಭಾವಾ! ಪೋಸ್ಟಿನವರು ಎಂತ ಹೇಳಿದ್ರು? ಅವ್ರ ಬಾಯಲ್ಲಿ ಬಂದದ್ದು ಅಷ್ಟೇ ಹೇಳಿ. ನಿಂಗ್ಳದ್ದು ಒಂದಕ್ಷರ ಬೇಡ! ಓವರ್!"

ಗೊರಗೊರ ಶಬ್ದ. ಭಾವ ಉಸಿರು ಎಳೆದುಕೊಂಡದ್ದು ಕೇಳಿತು. ಆಮೇಲೆ ಸಿದ್ದಾಪುರದ ಆ ಮೆತ್ತಗಿನ ಬಾಯಿಂದ ಬನವಾಸಿ ಕಡೆಯ ಮಾತು, ಒಂದೊಂದೇ ಶಬ್ದ, ಕಲ್ಲು ಎತ್ತಿ ಇಟ್ಟ ಹಾಗೆ ಹೊರಬಂತು.

"ಅಕ್ಕಾರಿಗೆ ಹೇಳ್ರಿ. ಮನಷ್ಯಾಗ ಉಸ್ರು ತಗೊಳಾಕ ಆಗವಲ್ದು. ಮಾರಿ ಬಾತೈತಿ. ಎಚ್ಚರ ತಪ್ಪೈತಿ. ಡಾಕ್ಟರ್ ಗಾಡಿ ಈಗಿಂದೀಗ ಬೇಕ್ರಿ. ತಡಾ ಆದ್ರ ಉಳ್ಯಂಗಿಲ್ಲ."

ನಾನು ಹೇಳುವ ಮೊದಲೇ ಟೊಪ್ಪಿಯವರು ಎರಡೂ ಕೈ ಎತ್ತಿ, ನಿಲ್ಲಿಸಿ, ನಿಲ್ಲಿಸಿ ಎಂದು ಸನ್ನೆ ಮಾಡುತ್ತಿದ್ದರು.

"ಎಲ್ಲಾ ಸ್ಟೇಷನ್‌ಗಳಿಗೆ ಕಂಟ್ರೋಲ್. ಎಮರ್ಜೆನ್ಸಿ. ಎಮರ್ಜೆನ್ಸಿ. ಆರಂಭದ ಪೋಸ್ಟ್, ಇನ್ನು ಒಂದೂ ಕಾರು ಬಿಡಬೇಡಿ. ಡಾಕ್ಟರ್ ಗಾಡಿಯನ್ನ ಒಳಗೆ ಕಳಿಸಿ, ನಡುವಿನ ಪೋಸ್ಟಿಗೆ. ಹೆಜ್ಜೇನು ಹೊಡೆದಿದೆ, ಉಸಿರು ಕಟ್ಟಿದೆ, ಎಚ್ಚರವಿಲ್ಲ ಅಂತ ಡಾಕ್ಟರಿಗೆ ಹೇಳಿ. ನಡುವಿನ ಪೋಸ್ಟ್, ದಾರಿಯಲ್ಲಿರೋ ಕಾರುಗಳನ್ನ ಬದಿಗೆ ಹಾಕಿಸಿ. ಗುಡ್ಡ, ಅವರ ಉತ್ತರ ತನ್ನಿ."

ಉತ್ತರಗಳು ಬಂದವು. ಕಾರು ನಿಂತಿದೆ. ಡಾಕ್ಟರ್ ಹೊರಟರು. ದಾರಿ ಖಾಲಿ. ಮೂರನ್ನೂ ಭಾವ ಕೇಳಿದ ಹಾಗೆಯೇ ದಾಟಿಸಿದರು. ಎಲ್ಲ ಆದ ಮೇಲೆ ನನಗೆ ಕೇಳಲು ಒಂದೇ ಉಳಿದಿತ್ತು. ಆ ಪೋಸ್ಟಿನಲ್ಲಿ ಹ್ಯಾಮ್ ಒಬ್ಬರು, ಬ್ಯಾಟರಿ ಹೊತ್ತವನೊಬ್ಬ. ರೇಸು ನೋಡಲು ಬಂದ ಊರಿನವರೂ ಇದ್ದರಲ್ಲ. ಅವರಲ್ಲಿ ಯಾರಾದರೂ ಆಗಿರಲಿ ದೇವರೇ ಎಂದುಕೊಂಡೆ. ಎಂಥ ಪಾಪಿ ಬೇಡಿಕೆ! ಆದರೂ ಬೇಡಿಕೊಂಡೆ.

"ಗುಡ್ಡ, ಕಂಟ್ರೋಲ್. ಯಾರು ಭಾವ?"

"ನಮ್ಮ ಮಾಣಿನೇ, ತಂಗಿ."

ಮಾಣಿ ಎಂದರೆ ಹುಡುಗ. ನಲವತ್ತು ದಾಟಿದ ನನ್ನ ಗಂಡನನ್ನು ಭಾವ ಕರೆಯುತ್ತಿದ್ದದ್ದು ಹಾಗೆಯೇ.

ಮಾಸ್ತರು ಎದ್ದು ಮೈಕಿಗೆ ಕೈ ಚಾಚಿದರು. "ನೀನು ಏಳು, ನಾನು ನೋಡ್ಕೊಳ್ತೇನೆ."

"ಎದ್ದು ಏನು ಮಾಡಲಿ ಮಾಸ್ತರೆ?" ಎಂದೆ. ನಿಜಕ್ಕೂ ಏನು ಮಾಡಲಿ? ಓಡಿಹೋಗಲು ಅದೇನು ಪಕ್ಕದ ಕೇರಿಯೇ? ಮೈಕು ಬಿಟ್ಟರೆ ನಾನು ಆ ಜಗಲಿಯ ಮೇಲೆ ಎದೆ ಬಡಿದುಕೊಳ್ಳುವ ಒಬ್ಬ ಹೆಂಗಸು, ಅಷ್ಟೇ. ಮೈಕು ಇರುವವರೆಗೆ ನನ್ನ ದನಿಯಾದರೂ ಅವನ ಹತ್ತಿರ ಇರುತ್ತದೆ. ಮಾಸ್ತರು ನನ್ನ ಮುಂದೆ ಒಂದು ಲೋಟ ನೀರು ತಂದಿಟ್ಟು ಕೂತರು.

ಅನಂತರದ ಆ ಮೌನವನ್ನು ಹೇಗೆ ಹೇಳಲಿ? ದೋಸೆಗೆ ಎಂತ ಮಾಡಿದ್ರಿ ಎನ್ನುವ ಮಂದಿ, ಒಬ್ಬರ ಬಾಯಿಂದಲೂ ಒಂದು ಹೂಂ ಇಲ್ಲ. ಎಲ್ಲರಿಗೂ ಗೊತ್ತಾಗಿತ್ತು ಯಾರೆಂದು. ಯಲ್ಲಾಪುರದವರು, ಸಿದ್ದಾಪುರದಲ್ಲಿ ಮನೆಯಲ್ಲೇ ಕೂತು ಕೇಳುತ್ತಿದ್ದವರು, ಎಲ್ಲರೂ ಸೆಟ್ಟಿನ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರೆಂದು ಆಮೇಲೆ ತಿಳಿಯಿತು. ಧೈರ್ಯ ಹೇಳಲು ಯಾರೂ ಬಾಯಿ ಹಾಕಲಿಲ್ಲ. ಡಾಕ್ಟರ ಗಾಡಿಯ ಸುದ್ದಿಗೆ ದಾರಿ ಬಿಟ್ಟುಕೊಟ್ಟರು.

ನಾನು ನಡುನಡುವೆ ಕರೆಯುತ್ತಿದ್ದೆ. "ನಡುವಿನ ಪೋಸ್ಟ್, ಅವನನ್ನ ಕಾಲು ಎತ್ತರ ಮಾಡಿ ಮಲಗಿಸಿ. ಕುಡಿಯೋಕೆ ಏನೂ ಕೊಡಬೇಡಿ. ಡಾಕ್ಟರು ಬರ್ತಾ ಇದಾರೆ ಅಂತ ಕಿವಿಯಲ್ಲಿ ಹೇಳಿ." ಎಚ್ಚರವಿಲ್ಲದವನ ಕಿವಿಯಲ್ಲಿ ಹೇಳಿ ಏನು ಫಲ ಎಂದು ಯಾರೂ ಕೇಳಲಿಲ್ಲ. ಭಾವ ಹೇಳಿದರು: "ಹೇಳ್ತಾ ಇದಾರಡ. ಸೆಟ್ಟನ್ನೇ ಅವನ ತಲೆ ಹತ್ರ ಇಟ್ಟಿದಾರಡ."

ಅಷ್ಟರಲ್ಲಿ ಇನ್ನೊಂದು ವಿಷಯವೂ ತಿಳಿಯಿತು. ಯಾರೋ ಚಾ ಕಾಸಲೆಂದು ಮರದ ಬುಡದಲ್ಲಿ ತರಗೆಲೆ ಹೊತ್ತಿಸಿದ್ದರಂತೆ, ಹೊಗೆಗೆ ಹೆಜ್ಜೇನು ಎದ್ದಿತು. ಎಲ್ಲರೂ ಕಂಬಳಿ, ಟವೆಲು ಮುಚ್ಚಿಕೊಂಡು ಓಡಿದರು. ಬನವಾಸಿಯವರೂ ಓಡಿದರು. ಸೆಟ್ಟು, ಬ್ಯಾಟರಿ ಮರದ ಕೆಳಗೇ ಉಳಿದವು. ನನ್ನ ಗಂಡ ಅರ್ಧ ದಾರಿಯಿಂದ ತಿರುಗಿ ಹೋದನಂತೆ. ಎರಡನ್ನೂ ಹೊತ್ತು ರಸ್ತೆಗೆ ತಂದಿಟ್ಟು, ಅಲ್ಲೇ ಕುಸಿದನಂತೆ. ಆ ಸೆಟ್ಟಿನಿಂದಲೇ ಸುದ್ದಿ ಬಂದದ್ದು. ಅಯ್ಯೋ ಹುಚ್ಚ! ಆ ಪೆಟ್ಟಿಗೆ ಸುಟ್ಟುಹೋಗಲಿ, ನಿನಗೆ ತಲೆ ಇಲ್ಲವೇ? ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಸುಕಿ ಹಿಡಿದು, ಬಟನ್ ಒತ್ತದೆ, ಬಾಯಿ ತುಂಬಾ ಬೈದೆ.

"ಕಂಟ್ರೋಲ್, ಗುಡ್ಡ. ಡಾಕ್ಟರ್ ಮುಟ್ಟಿದರು. ಇಂಜೆಕ್ಷನ್ ಕೊಡ್ತಾ ಇದಾರೆ."

ಆಮೇಲೆ ಏನೂ ಇಲ್ಲ. ಗೊರಗೊರ. ಮಾಸ್ತರು ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದರು, ಗೊತ್ತಾಗಿ ನಿಲ್ಲಿಸಿದರು. ಟೊಪ್ಪಿಯವರು ಟೊಪ್ಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಾನು ಕರೆಯಲಿಲ್ಲ. ಕರೆದರೆ ಭಾವ ಉತ್ತರ ಕೊಡಬೇಕಾಗುತ್ತದೆ, ಆ ಉತ್ತರವನ್ನು ಈ ಸಲ ಅವರು ಮೆತ್ತಗೆ ಮಾಡುವುದಿಲ್ಲ. ಬೇಡ ಎಂದದ್ದು ನಾನೇ.

"ಕಂಟ್ರೋಲ್, ಗುಡ್ಡ." ಭಾವನ ದನಿ ಒಡೆದಿತ್ತು. "ಡಾಕ್ಟರ್ ಹೇಳಿದ್ದು: ಉಸಿರು ಸರಿಯಾಗಿ ಬರ್ತಾ ಇದೆ. ಕಣ್ಣು ಬಿಟ್ಟಿದಾನೆ. ಅಪಾಯ ದಾಟಿತು. ಓವರ್."

ನಾನು ಬಟನ್ ಒತ್ತಿದೆ. ಸಂದೇಶ ತಲುಪಿತು ಎನ್ನಬೇಕು, ಅದು ಪದ್ಧತಿ. ಬಾಯಿ ತೆರೆದರೆ ಬಂದದ್ದು ಅಳು. ಸಣ್ಣ ಅಳುವಲ್ಲ, ಹೊಟ್ಟೆಯಿಂದ ಕಿತ್ತುಕೊಂಡು ಬಂದ ಅಳು. ಬಟನ್ನಿನ ಮೇಲಿದ್ದ ಬೆರಳು ಅಲ್ಲೇ ಉಳಿಯಿತು. ಬಟನ್ ಒತ್ತಿಕೊಂಡೇ ಇದ್ದರೆ ಬೇರೆಯವರ ಮಾತು ಅದರಡಿ ಮುಚ್ಚಿಹೋಗುತ್ತದೆ, ಒತ್ತಿಕೊಂಡವಳಿಗೆ ಯಾರ ಮಾತೂ ಕೇಳದು. ಹ್ಯಾಮ್‌ಗಳಿಗೆ ಇದಕ್ಕಿಂತ ದೊಡ್ಡ ಅಪರಾಧವಿಲ್ಲ, ಬೇರೆಯವರು ಮಾಡಿದಾಗ ನಾನೇ ಎಷ್ಟು ಸಲ ಹಾರಾಡಿದ್ದೇನೆ. ಆ ದಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೆಟ್ಟುಗಳಲ್ಲೆಲ್ಲ ನನ್ನ ಅಳುವೊಂದೇ. ಮಾಸ್ತರು ಪಕ್ಕದಲ್ಲೇ ಇದ್ದರೂ ನನ್ನ ಬೆರಳನ್ನು ಬಿಡಿಸಲಿಲ್ಲ. ಅವರ ಕನ್ನಡಕವೂ ಮಂಜಾಗಿತ್ತು.

ಕೊನೆಗೆ ಸೆರಗಿನಿಂದ ಮೂಗು ಒರೆಸಲೆಂದು ಬೆರಳು ತೆಗೆದೆ. ಕೂಡಲೇ ಭಾವ, ಅಷ್ಟು ಹೊತ್ತು ಕಾದವರು, ನುಗ್ಗಿಬಂದರು.

"ಕಂಟ್ರೋಲ್, ನಿಂಗೆ ಒಂದು ಮೆಸೇಜ್ ಇದ್ದು. ಮಾಣಿದು. ಆವಾಗಿಂದ ಸೆಟ್ಟು ಕೈಲಿ ಹಿಡ್ಕಂಡು ಅದನ್ನೇ ಹೇಳ್ತಾ ಇದ್ದ. ಗುಡ್ಡಕ್ಕೆ ಹತ್ರ ಹೇಳಿ ನಿನ್ನ ಅಳು ಮಧ್ಯನೂ ಯಂಗೆ ಕೇಳ್ತು." ತಮ್ಮನ ಹೆಂಡತಿಗೆ, ಅದೂ ಮೂರು ತಾಲೂಕು ಕೇಳುವ ಹಾಗೆ, ಹೇಳುವ ಮಾತಲ್ಲ ಅದು. ಆದರೂ ಒಂದಕ್ಷರ ಬಿಡದೆ ಹೇಳಿದರು. "ನೀ ಅತ್ತಿದ್ದೆಲ್ಲ ಕೇಳ್ತು. ನಿನ್ನ ದನಿ ಕೇಳ್ತಾ ಇದ್ದಿತ್ತು ಹೇಳೇ ಯಂಗೆ ವಾಪಸ್ ಬಪ್ಪಲಾತು. ಈಗ ಬಟನ್ ಬಿಡೇ ಮಾರಾಯ್ತಿ, ಆನೂ ಮಾತಾಡವು."

ನನ್ನ ದನಿ ಕೇಳುತ್ತಿದ್ದದ್ದರಿಂದಲೇ ಅವನಿಗೆ ವಾಪಸ್ ಬರಲಾಯಿತಂತೆ, ಈಗ ಅವನೂ ಮಾತಾಡಬೇಕಂತೆ. ನಾನು ಲೋಟದ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಬಟನ್ ಒತ್ತಿದೆ.

"ಕಂಟ್ರೋಲ್ ಕೇಳ್ತಾ ಇದ್ದು," ಎಂದೆ. "ಮಾತಾಡಿ."

ಬೆರಳು ತೆಗೆದು ಕಾದೆ.